ಎಚ್‌ಎಫ್‌ಇ ನೋಡಿ ಟ್ರಾನ್ಸಿಸ್ಟರ್ ಕೊಳ್ಳಬೇಡಿ

ಗಣೇಶ ಚತುರ್ಥಿ ಹತ್ತಿರವಾದಂತೆ ಬೆಳಗಾವಿ ಸುತ್ತಲಿನ ಹವ್ಯಾಸಿಗಳಿಂದ ಆಂಪ್ಲಿಫೈಯರ್ ಬಿಡಿಭಾಗಗಳ ಬಗ್ಗೆ ಅದದೇ ಪ್ರಶ್ನೆಗಳು ಬರತೊಡಗುತ್ತವೆ. ಹೊಸ ಬೋರ್ಡಿಗೆ ಮೊದಲು ಸೀರೀಸ್ ಲ್ಯಾಂಪ್ (ಮೇನ್ಸ್ ತಂತಿಯ ನಡುವೆ ಸರಣಿಯಲ್ಲಿ ಜೋಡಿಸಿದ ಬಲ್ಬ್) ಮೂಲಕವೇ ಕರೆಂಟ್ ಕೊಡಬೇಕೆಂಬುದು ಓದುಗರಿಗೆ ಗೊತ್ತಿದೆ ಎಂದು ಭಾವಿಸಿಯೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: 5200–1943 ಜೋಡಿ (2ಎಸ್‌ಸಿ5200, 2ಎಸ್‌ಎ1943 ಎಂಬ ಔಟ್‌ಪುಟ್ ಟ್ರಾನ್ಸಿಸ್ಟರುಗಳು) ಅಗ್ಗದಲ್ಲಿ ಸಿಕ್ಕಿತು. ಮಲ್ಟಿಮೀಟರಿನಲ್ಲಿ ಎಚ್‌ಎಫ್‌ಇ (ಟ್ರಾನ್ಸಿಸ್ಟರ್ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಅಳತೆ) ಸರಿಯಾಗಿತ್ತು. ಆದರೂ ವಾಲ್ಯೂಮ್ ಅರ್ಧಕ್ಕೆ ಏರಿಸಿದೊಡನೆ ಶಾರ್ಟ್ ಆಯಿತು. ಕಡಿಮೆ ಬೆಲೆಗೆ ಅಸಲಿ ಭಾಗ ಎಲ್ಲಿ ಸಿಗುತ್ತದೆ? (ಖಾನಾಪುರದ ಓದುಗರು)

ಉತ್ತರ: ಮಲ್ಟಿಮೀಟರ್ ಎಚ್‌ಎಫ್‌ಇ ಅಳೆಯುವುದು ಅತಿ ಸಣ್ಣ ಕರೆಂಟಿನಲ್ಲಿ, ಅಷ್ಟರಲ್ಲಿ ನಕಲಿಯೂ ಪಾಸಾಗುತ್ತದೆ. ‘ಮೀಟರಿನಲ್ಲಿ ಓಕೆ ಇದೆ, ಒಯ್ಯಿರಿ’ ಎನ್ನುವ ಅಂಗಡಿಯವರ ಮಾತಿಗೆ ಕಿಮ್ಮತ್ತು ಕೊಡಬೇಡಿ. ತೋಶಿಬಾದ 2ಎಸ್‌ಸಿ5200ರ ಮಿತಿ 230 ವೋಲ್ಟ್, 15 ಆಂಪಿಯರ್, 150 ವಾಟ್. ನಕಲಿಯಲ್ಲಿ ದೊಡ್ಡ ಹೊದಿಕೆಯೊಳಗೆ ಚಿಕ್ಕ ಚಿಪ್ ಕೂತಿರುತ್ತದೆ. ವೋಲ್ಟೇಜ್ ಮತ್ತು ಕರೆಂಟ್ ಎರಡೂ ಒಟ್ಟಿಗೆ ಏರಿದಾಗ ಶಾಖವೆಲ್ಲ ಒಂದೇ ಬಿಂದುವಿನಲ್ಲಿ ಸೇರಿ ಅದು ಸುಟ್ಟುಹೋಗುತ್ತದೆ. ನಾನೂ ಒಮ್ಮೆ ಒಂದು ಡಜನ್ ತಂದು ಮೋಸ ಹೋದವನೇ. ಸತ್ತ ಒಂದನ್ನು ವೈಸಿನಲ್ಲಿ ಹಿಡಿದು ಒಡೆದಾಗ ಒಳಗೆ ಕಂಡದ್ದು ಎಳ್ಳಿನಷ್ಟು ಸಿಲಿಕಾನ್.

ಒಡೆಯದೆಯೂ ಸಂಶಯ ಪರಿಹರಿಸಿಕೊಳ್ಳಬಹುದು. ಟ್ರಾನ್ಸಿಸ್ಟರನ್ನು ಬೋರ್ಡಿನಿಂದ ಹೊರತೆಗೆದು, ಎಮಿಟರ್ ಕಾಲನ್ನು ಎಲ್ಲಿಗೂ ಜೋಡಿಸದೆ, ಮೀಟರನ್ನು ಕೆಪಾಸಿಟೆನ್ಸ್‌ಗೆ ಇಟ್ಟು 5200ರ ಕಲೆಕ್ಟರಿಗೆ ಕೆಂಪು, ಬೇಸಿಗೆ ಕಪ್ಪು ಪ್ರೋಬ್ ಹಚ್ಚಿರಿ. 1943ಕ್ಕೆ ಇದನ್ನು ತಿರುಗುಮುರುಗು ಮಾಡಿ. ತಯಾರಕರ ಡೇಟಾಶೀಟಿನಲ್ಲಿ (ವಿವರಪಟ್ಟಿಯಲ್ಲಿ) 10 ವೋಲ್ಟಿಗೆ ಕ್ರಮವಾಗಿ ಸುಮಾರು 200 ಮತ್ತು 360 ಪಿಕೋಫ್ಯಾರಡ್ ಎಂದಿದೆ. ಮೀಟರ್ ಕೊಡುವ ವೋಲ್ಟೇಜ್ ಅದಕ್ಕಿಂತ ಕಡಿಮೆಯಾದ್ದರಿಂದ ನಿಮ್ಮ ಅಳತೆ ಇದಕ್ಕಿಂತ ಹೆಚ್ಚೇ ಬರಬೇಕು. ತೀರ ಕಡಿಮೆ ಬಂದರೆ ಚಿಪ್ ಚಿಕ್ಕದು. ಥಿನ್ನರ್ ಹಚ್ಚಿ ಅಕ್ಷರ ಅಳಿಸಿ ನೋಡುವ ಪರೀಕ್ಷೆಯನ್ನು ಇನ್ನಾದರೂ ಬಿಡಿ, ನಕಲಿ ಮಾಡುವವರ ಹತ್ತಿರವೂ ಈಗ ಅಕ್ಷರ ಕೊರೆಯುವ ಲೇಸರ್ ಇದೆ.

ಇನ್ನು ಎಲ್ಲಿ ಎಂಬ ಮಾತು. ಔಟ್‌ಪುಟ್ ಟ್ರಾನ್ಸಿಸ್ಟರ್, ಐಸಿ ಮತ್ತು ದೊಡ್ಡ ಫಿಲ್ಟರ್ ಕೆಪಾಸಿಟರ್ ಈ ಮೂರನ್ನು ಮಾತ್ರ ಅಧಿಕೃತ ವಿತರಕರಿಂದ ತರಿಸಿ. ಎಲಿಮೆಂಟ್14, ಮೌಸರ್, ಡಿಜಿಕೀ ಎಲ್ಲವೂ ಭಾರತಕ್ಕೆ ಕಳಿಸುತ್ತವೆ. ಸಾಗಣೆ ವೆಚ್ಚ ಒಬ್ಬರಿಗೆ ಹೊರೆ ಎನಿಸಿದರೆ ಗೋಕಾಕ, ಬೈಲಹೊಂಗಲದ ನಾಲ್ಕಾರು ಗೆಳೆಯರು ಸೇರಿ ಒಂದೇ ಆರ್ಡರ್ ಹಾಕಿರಿ. ರೆಸಿಸ್ಟರ್, ಡಯೋಡ್, ಕನೆಕ್ಟರುಗಳನ್ನು ಮುಂಬೈನ ಲ್ಯಾಮಿಂಗ್ಟನ್ ರೋಡಿನಿಂದಲೋ ಬೆಂಗಳೂರಿನ ಎಸ್.ಪಿ. ರೋಡಿನಿಂದಲೋ ಧೈರ್ಯವಾಗಿ ತನ್ನಿರಿ. ಹೀಟ್‌ಸಿಂಕಿಗೆ ಗುಜರಿ ಅಂಗಡಿಯೇ ಸಾಕು, ಅಲ್ಯೂಮಿನಿಯಂ ಅಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಟ್ರಾನ್ಸ್‌ಫಾರ್ಮರನ್ನು ಊರಲ್ಲೇ ಸುತ್ತಿಸಿರಿ, ಆದರೆ ತಾಮ್ರದ ತಂತಿಯೇ ಬೇಕೆಂದು ಹೇಳಿ, ಒಂದು ತುದಿಯನ್ನು ಕೆರೆದು ನೋಡಿ ಹಣ ಕೊಡಿ. ಅಲ್ಯೂಮಿನಿಯಂ ತಂತಿಗೂ ತಾಮ್ರದ ಬಣ್ಣದ ವಾರ್ನಿಷ್ ಬಳಿಯುವವರಿದ್ದಾರೆ.

ಅಂದಹಾಗೆ, ಮನೆಯ ಪಡಸಾಲೆಗೆ ನಿಮಗೆ 5200 ಬೇಕೇ ಆಗಿರಲಿಲ್ಲ. ಎಲ್‌ಎಂ1875 ಎಂಬ ಒಂದೇ ಐಸಿ 20 ವಾಟ್ ಕೊಡುತ್ತದೆ, ಮತ್ತು ಅಷ್ಟಕ್ಕೇ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ.

ಪ್ರಶ್ನೆ: 5000 ವಾಟ್ ಪಿಎಂಪಿಒ (‘ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್’) ಬೋರ್ಡ್ ಕೊಳ್ಳಬಹುದೇ? (ಬೆಳಗಾವಿ)

ಉತ್ತರ: ಪಿಎಂಪಿಒ ಅಳತೆಯಲ್ಲ, ಜಾಹೀರಾತು.

ಪ್ರಶ್ನೆ: ಹಳೆಯ ಯುಪಿಎಸ್ ಟ್ರಾನ್ಸ್‌ಫಾರ್ಮರ್ ಬಳಸಿ ಹಣ ಉಳಿಸಬಹುದೇ? (ಚಿಕ್ಕೋಡಿ)

ಉತ್ತರ: ನಾನು ಬಳಸುವುದಿಲ್ಲ. ಸಣ್ಣ ಯುಪಿಎಸ್‌ಗಳ ಟ್ರಾನ್ಸ್‌ಫಾರ್ಮರ್ ಕೆಲವು ನಿಮಿಷಗಳ ಬ್ಯಾಕಪ್‌ಗೆಂದು ಮಾಡಿದ್ದು. ಗಂಟೆಗಟ್ಟಲೆ ಲೋಡ್ ಹಾಕಿದರೆ ಬಿಸಿಯಾಗುತ್ತದೆ, ಜೊತೆಗೆ ಗುಂಯ್‌ಗುಟ್ಟುತ್ತದೆ. ಬಳಸಿಯೇ ತೀರುವಿರಾದರೆ ಪ್ರೈಮರಿಗೆ (ಮೇನ್ಸ್ ಕಡೆಯ ಸುರುಳಿಗೆ) ಫ್ಯೂಸ್ ಹಾಕಿ, ಮೊದಲ ದಿನ ಪಕ್ಕದಲ್ಲೇ ಕುಳಿತಿರಿ.

ಪ್ರಶ್ನೆ: ಚಿನ್ನದ ಲೇಪದ ಕೇಬಲ್ ಹಾಕಿದರೆ ಬಾಸ್ ಹೆಚ್ಚುತ್ತದೆಯೇ? (ಸವದತ್ತಿ)

ಉತ್ತರ: ಇಲ್ಲ. ಆ ಹಣಕ್ಕೆ ಅಸಲಿ ಕೆಪಾಸಿಟರ್ ತನ್ನಿರಿ.