ಸಂಪಾದಕರ ಉತ್ತರ: ಸೊಂಟನೋವಿನ ಜೊತೆಗೆ ಬಂದ ಜ್ವರ

ಪ್ರಿಯ ಸಹೋದರಿ,

ಶಿರಸಿ ಸಮೀಪದ ಹಳ್ಳಿಯಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. 58 ವರ್ಷದ ನಿಮ್ಮ ಅತ್ತೆಯವರಿಗೆ ಎರಡು ತಿಂಗಳಿನಿಂದ ಸೊಂಟ ನೋಯುತ್ತಿದೆ, ಮನೆಯವರು ವಯಸ್ಸಿನ ನೋವೆಂದು ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತಿದ್ದಾರೆ, ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿದರೆ ಗುಣವಾಗುತ್ತದೆಂದು ನೆರೆಯವರು ಹೇಳುತ್ತಾರೆ, ಅಡಿಕೆ ಕೊಯ್ಲು ಮುಗಿಯುವವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ಕೊನೆಯಲ್ಲಿ, ಮರೆತದ್ದು ನೆನಪಾದಂತೆ, ಸಂಜೆ ಅವರ ಮೈ ಬೆಚ್ಚಗಾಗುತ್ತದೆ, ರವಿಕೆಗಳೆಲ್ಲ ಸಡಿಲವಾಗಿವೆ ಎಂದೂ ಸೇರಿಸಿದ್ದೀರಿ. ಆ ಕೊನೆಯ ಸಾಲಿನಿಂದಾಗಿಯೇ ಹೇಳುತ್ತೇನೆ, ದಯವಿಟ್ಟು ಕಾಯಬೇಡಿ.

ನಾನು ವೈದ್ಯನಲ್ಲ, ಆದರೆ ಸೊಂಟನೋವಿನಲ್ಲಿ ನೋವು ಎಷ್ಟಿದೆ ಎಂಬುದಕ್ಕಿಂತ ಅದರ ಜೊತೆಗೆ ಏನು ಬಂದಿದೆ ಎಂಬುದೇ ಮುಖ್ಯವೆಂದು ಖಚಿತವಾಗಿ ಹೇಳಬಲ್ಲೆ. ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡು ಏಳಲೂ ಆಗದವರು, ಹಾಸಿಗೆ ಹಿಡಿಯದೆ ಆದಷ್ಟು ಓಡಾಡಿಕೊಂಡಿದ್ದರೆ, ಹೆಚ್ಚಾಗಿ ನಾಲ್ಕಾರು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮಲಗಿದರೂ ತಗ್ಗದೆ ರಾತ್ರಿ ಎಬ್ಬಿಸುವ, ಜ್ವರವನ್ನೂ ತೂಕದ ಇಳಿಕೆಯನ್ನೂ ಕರೆತರುವ ನೋವಿನ ರೀತಿ ಬೇರೆ.

ನಮ್ಮ ದೇಶದಲ್ಲಿ ಇಂಥ ನೋವಿಗೆ ಮೊದಲು ಶಂಕಿಸಬೇಕಾದದ್ದು ಬೆನ್ನುಮೂಳೆಯ ಕ್ಷಯವನ್ನು. ಕೆಮ್ಮು ಇಲ್ಲದವರಲ್ಲೂ ಅದು ಇರಬಹುದು. ರೋಗಾಣು ರಕ್ತದ ಮೂಲಕ ಮೂಳೆಗೆ ತಲುಪಿ, ಅಕ್ಕಪಕ್ಕದ ಕಶೇರುಗಳನ್ನು, ಅಂದರೆ ಬೆನ್ನುಮೂಳೆಯ ಮಣಿಗಳನ್ನು, ನಿಧಾನವಾಗಿ ಸವೆಸುತ್ತದೆ; ಆರಂಭದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಎಂಆರ್‌ಐ ಬೇಕಾಗಬಹುದು. ಬೇಗ ಪತ್ತೆಯಾದರೆ ಹೆಚ್ಚಿನವರಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಿಯೇ ಗುಣವಾಗುತ್ತದೆ; ತಡವಾದರೆ ಗೂನು ಬೀಳಬಹುದು, ಕಾಲುಗಳ ಶಕ್ತಿಯೇ ಹೋಗಬಹುದು.

ಕೊಟ್ಟಿಗೆಯ ಹಸು ದಿನ ತುಂಬುವ ಮೊದಲೇ ಕಂದು ಹಾಕಿದ್ದನ್ನೂ, ಅತ್ತೆಯವರೇ ಬರಿಗೈಯಲ್ಲಿ ಸತ್ತೆ (ಮಾಸು) ತೆಗೆದದ್ದನ್ನೂ ನೀವು ಬರೆದಿದ್ದೀರಿ. ದನಗಳು ಕಂದು ಹಾಕಲು ಕಾರಣವಾಗುವ ಬ್ರುಸೆಲ್ಲಾ ರೋಗಾಣು ಹೀಗೆ ಮುಟ್ಟುವುದರಿಂದಲೂ, ಕಾಯಿಸದ ಹಾಲಿನಿಂದಲೂ ಮನುಷ್ಯರಿಗೆ ತಗುಲಿ, ಏರಿಳಿಯುವ ಜ್ವರ, ಬೆವರು, ಸೊಂಟನೋವುಗಳನ್ನು ತರುತ್ತದೆ. ರಕ್ತಪರೀಕ್ಷೆಯಿಂದ ಅದನ್ನು ಪತ್ತೆಹಚ್ಚಬಹುದು, ಆದರೆ ಹಸುವಿನ ಸಂಗತಿಯನ್ನು ನೀವಾಗಿ ಹೇಳದಿದ್ದರೆ ವೈದ್ಯರಿಗೆ ಅದು ಹೊಳೆಯದೆ ಹೋಗಬಹುದು.

ಒದೆಸುವ ಮಾತನ್ನು ಮಾತ್ರ ಖಂಡಿತ ಒಪ್ಪಬೇಡಿ. ಸೋಂಕಿನಿಂದಲೋ, ಮುಟ್ಟು ನಿಂತ ಮೇಲಿನ ಮೂಳೆ ಸವೆತದಿಂದಲೋ ದುರ್ಬಲವಾದ ಕಶೇರು ಒಂದೇ ಪೆಟ್ಟಿಗೆ ಮುರಿಯಬಹುದು.

ಇನ್ನೊಂದು ಸ್ಥಿತಿಗಂತೂ ನಾಳೆಯವರೆಗೂ ಕಾಯುವಂತಿಲ್ಲ. ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಮಲದ ಮೇಲೆ ಹಿಡಿತ ತಪ್ಪಿದರೆ, ಒಳತೊಡೆ ಮತ್ತು ಗುದದ ಸುತ್ತ ಜೋಮು ಹಿಡಿದರೆ, ಕಾಲುಗಳು ಸೋತು ಬಂದರೆ, ಕುದುರೆಯ ಬಾಲದಂತೆ ಹರಡಿರುವ ಸೊಂಟದ ನರಗುಚ್ಛ ಒತ್ತಡಕ್ಕೆ ಸಿಕ್ಕಿರಬಹುದು. ನಡುರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ನಮ್ಮ ಹೆಂಗಸರು ಸಂಕೋಚದಿಂದ ಈ ಲಕ್ಷಣಗಳನ್ನು ಹೇಳಿಕೊಳ್ಳುವುದಿಲ್ಲ, ಆದ್ದರಿಂದ ನೀವೇ ಅತ್ತೆಯವರ ಪಕ್ಕ ಕುಳಿತು ಬಿಡಿಸಿ ಕೇಳಿ.

ಈ ವಾರದಲ್ಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಔಷಧ ಉಚಿತ. ಜ್ವರ ಯಾವ ಹೊತ್ತಿಗೆ ಎಷ್ಟು ಬರುತ್ತದೆ, ಹಸು ಕಂದು ಹಾಕಿದ್ದು ಯಾವಾಗ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ವೈದ್ಯರು ಏನೆಂದರೆಂದು ನಮಗೂ ತಿಳಿಸಿ.

– ಸಂಪಾದಕ