ಅಣ್ಣನಿಗೆ ಪದೇ ಪದೇ ನ್ಯುಮೋನಿಯಾ, ನನ್ನ ಮಗನಿಗೂ ಬರುತ್ತಾ?

ಪ್ರಶ್ನೆ: ನನ್ನ ಅಣ್ಣನಿಗೆ 34 ವರ್ಷ. ಬೀಡಿ, ಸಿಗರೇಟು ಮುಟ್ಟಿದವನಲ್ಲ. ಮೂರು ವರ್ಷದಲ್ಲಿ ನಾಲ್ಕು ಸಲ ನ್ಯುಮೋನಿಯಾ ಆಗಿದೆ. ಚಿಕ್ಕಂದಿನಿಂದಲೂ ಕಿವಿ ಸೋರುತ್ತೆ, ಸೈನಸ್ ಕಾಟ ಇದೆ. ಕಫದಲ್ಲಿ ಟಿಬಿ ಕಾಣಿಸದಿದ್ದರೂ ಆರು ತಿಂಗಳು ಟಿಬಿ ಮಾತ್ರೆ ನುಂಗಿದ್ದಾನೆ. ಈಗಿನ ಡಾಕ್ಟರು ‘ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯ ಕೊರತೆ ಇರಬಹುದು’ ಅನ್ನುತ್ತಾರೆ. ಈ ವಯಸ್ಸಿನಲ್ಲಿ ಅದು ಹೇಗೆ? ನಮ್ಮ ಸೋದರಮಾವ ಒಬ್ಬರು ಐದನೇ ವಯಸ್ಸಿನಲ್ಲೇ ನ್ಯುಮೋನಿಯಾದಿಂದ ತೀರಿಹೋದರಂತೆ. ನನಗೆ ನಾಲ್ಕು ವರ್ಷದ ಮಗನಿದ್ದಾನೆ.
– ಓದುಗರು, ದಾವಣಗೆರೆ

ಉತ್ತರ: ಸೋದರಮಾವನ ವಿಷಯ ಡಾಕ್ಟರಿಗೆ ಹೇಳಿದ್ದೀರಾ? ಇಲ್ಲದಿದ್ದರೆ ನಾಳೆಯೇ ಹೇಳಿ. ಅವರ ಅನುಮಾನಕ್ಕೆ ಅದು ದೊಡ್ಡ ಬಲ ಕೊಡುತ್ತದೆ.

ನಮ್ಮ ರಕ್ತದಲ್ಲಿನ ಬಿ ಕಣಗಳೆಂಬ ಬಿಳಿ ರಕ್ತಕಣಗಳು ಪ್ರತಿಕಾಯಗಳನ್ನು (ಆಂಟಿಬಾಡಿ) ತಯಾರಿಸುತ್ತವೆ. ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾಗಳಿಗೆ ಇವು ಅಂಟಿಕೊಂಡರೆ ಮಾತ್ರ ಉಳಿದ ಬಿಳಿ ರಕ್ತಕಣಗಳು ಅವುಗಳನ್ನು ಸುಲಭವಾಗಿ ನುಂಗುತ್ತವೆ. ಪ್ರತಿಕಾಯ ಇಲ್ಲದವರಿಗೆ ಆಂಟಿಬಯೋಟಿಕ್ ಕೊಟ್ಟರೆ ಆ ಸಲಕ್ಕೆ ವಾಸಿಯಾಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಬರುತ್ತದೆ.

ಇಂಥ ಕೊರತೆಯ ಒಂದು ಬಗೆಯನ್ನು 1952ರಲ್ಲಿ ಅಮೆರಿಕದ ಡಾ. ಬ್ರೂಟನ್ ಎಂಟು ವರ್ಷದ ಹುಡುಗನಲ್ಲಿ ಗುರುತಿಸಿದರು. ಇದು ತಾಯಿಯ ಎಕ್ಸ್ ಕ್ರೋಮೋಸೋಮಿನ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ತಾಯಿಯ ಕಡೆಯ ಸೋದರಮಾವನ ವಿಷಯ ಮುಖ್ಯವಾಗುವುದು ಇದಕ್ಕೇ. ದೋಷ ಸೌಮ್ಯವಾಗಿದ್ದರೆ ದೊಡ್ಡವರಾದ ಮೇಲೂ ಪತ್ತೆಯಾಗುತ್ತದೆ. ದೊಡ್ಡವರಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುವ ಬಗೆ ಸಿವಿಐಡಿ (ಕಾಮನ್ ವೇರಿಯಬಲ್ ಇಮ್ಯುನೋಡೆಫಿಷಿಯನ್ಸಿ), ಅಂದರೆ ಪ್ರತಿಕಾಯ ಸಾಕಷ್ಟು ತಯಾರಾಗದ ಇನ್ನೊಂದು ಕಾಯಿಲೆ. ಅದು ಇಪ್ಪತ್ತು, ಮೂವತ್ತರ ವಯಸ್ಸಿನಲ್ಲೇ ಜಾಸ್ತಿ ಪತ್ತೆಯಾಗುವುದು. ಹಾಗಾಗಿ ‘ಈ ವಯಸ್ಸಿನಲ್ಲಿ ಹೇಗೆ’ ಎಂದು ಪರೀಕ್ಷೆ ಮುಂದೂಡಬೇಡಿ.

ಮನೆಯಲ್ಲಿರುವ ಹಳೇ ರಿಪೋರ್ಟ್‌ಗಳನ್ನು ತೆಗೆಯಿರಿ. ಲಿವರ್ ಪರೀಕ್ಷೆಯಲ್ಲಿ ‘ಗ್ಲಾಬ್ಯುಲಿನ್’ ಎಂಬ ಸಾಲು ಇರುತ್ತದೆ; ಪ್ರತಿಕಾಯಗಳು ಸೇರಿರುವುದು ಇದರಲ್ಲೇ. ಇಲ್ಲದಿದ್ದರೆ ಟೋಟಲ್ ಪ್ರೋಟೀನ್‌ನಿಂದ ಆಲ್ಬುಮಿನ್ ಕಳೆಯಿರಿ. ಉತ್ತರ ಡೆಸಿಲೀಟರಿಗೆ 2 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ಡಾಕ್ಟರಿಗೆ ತೋರಿಸಲೇಬೇಕು. ಎಷ್ಟೋ ಮನೆಗಳಲ್ಲಿ ಈ ಸುಳಿವು ವರ್ಷಗಟ್ಟಲೆ ಫೈಲಿನಲ್ಲೇ ಉಳಿದುಬಿಡುತ್ತದೆ. ನನಗೆ ಬಹಳ ಸಂಕಟವಾಗುವುದು ಇದೇ ವಿಷಯಕ್ಕೆ.

ಖಚಿತಪಡಿಸಲು ರಕ್ತದಲ್ಲಿ ಐಜಿಜಿ, ಐಜಿಎ, ಐಜಿಎಂ ಎಂಬ ಮೂರು ಬಗೆಯ ಪ್ರತಿಕಾಯ ಅಳೆಯಬೇಕು, ಬಿ ಕಣ ಎಣಿಸಬೇಕು. ಮೂತ್ರದಲ್ಲಿ ಪ್ರೋಟೀನ್ ಸೋರುವುದು, ಕೆಲವು ಫಿಟ್ಸ್ ಮಾತ್ರೆಗಳು, ರಕ್ತದ ಕ್ಯಾನ್ಸರ್ ಕೂಡ ಪ್ರತಿಕಾಯ ಇಳಿಸಬಹುದು. ಅವಲ್ಲ ಎಂದು ಮೊದಲು ನೋಡಿಕೊಳ್ಳಬೇಕು. ಇನ್ನೊಂದು ಎಚ್ಚರ: ಟೈಫಾಯ್ಡಿನ ವಿಡಾಲ್, ಡೆಂಗಿ ಐಜಿಎಂನಂಥ ಪರೀಕ್ಷೆಗಳು ಪ್ರತಿಕಾಯವನ್ನೇ ಹುಡುಕುತ್ತವೆ. ಅಣ್ಣನ ದೇಹದಲ್ಲಿ ಅದೇ ಇಲ್ಲದಿದ್ದರೆ ‘ನೆಗೆಟಿವ್’ ಎಂಬ ಉತ್ತರವನ್ನು ನಂಬುವ ಹಾಗಿಲ್ಲ, ಅಲ್ವಾ?

ಚಿಕಿತ್ಸೆ ಇದೆ. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಇಮ್ಯುನೋಗ್ಲಾಬ್ಯುಲಿನ್ ಅನ್ನು, ಅಂದರೆ ಪ್ರತಿಕಾಯಗಳನ್ನು, ಡ್ರಿಪ್ ಮೂಲಕ ಕೊಡುತ್ತಾರೆ. ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 400ರಿಂದ 600 ಮಿಲಿಗ್ರಾಂ. ಮೂರು ವಾರದಲ್ಲಿ ಅರ್ಧದಷ್ಟು ಕರಗುವುದರಿಂದ ಮೂರು–ನಾಲ್ಕು ವಾರಕ್ಕೊಮ್ಮೆ, ಸಾಮಾನ್ಯವಾಗಿ ಜೀವನಪೂರ್ತಿ, ತೆಗೆದುಕೊಳ್ಳಬೇಕು. ಪದೇ ಪದೇ ಸೋಂಕಾಗಿ ಶ್ವಾಸನಾಳಗಳು ಈಗಾಗಲೇ ಹಿಗ್ಗಿದ್ದರೆ ಅದು ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಸಿಟಿ ಸ್ಕ್ಯಾನ್ ಮಾಡಿಸಿ, ಕಫ ಹೊರತೆಗೆಯುವ ಫಿಸಿಯೋಥೆರಪಿ ಕಲಿಯಲಿ. ಖರ್ಚು ನಿಜವಾಗಿಯೂ ಜಾಸ್ತಿ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ನೆರವು ಸಿಗಬಹುದೇ ಎಂದು ಡಾಕ್ಟರನ್ನು ಕೇಳಿ.

ಇನ್ನು ನಿಮ್ಮ ಮಗ. ಅಣ್ಣನದು ಬ್ರೂಟನ್ ಬಗೆಯೇ ಆಗಿದ್ದರೆ, ತಂಗಿಯಾದ ನೀವು ಆ ಜೀನ್ ಹೊತ್ತಿರುವ ಸಾಧ್ಯತೆ ಅರ್ಧ. ಹೊತ್ತಿದ್ದರೆ ಮಗನಿಗೆ ಬರುವ ಸಾಧ್ಯತೆ ಮತ್ತೆ ಅರ್ಧ. ಅವನು ಆರೋಗ್ಯವಾಗಿ ಬೆಳೆಯುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ಆದರೂ ಐಜಿಜಿ ಪರೀಕ್ಷೆ ಮಾಡಿಸಿಬಿಡಿ. ಫಲಿತಾಂಶ ಬರುವವರೆಗೆ ಅವನಿಗೆ ಬಾಯಿಯ ಪೋಲಿಯೋ ಹನಿ ಬೇಡ. ಅದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಕೊರತೆ ಇರುವ ಮಗುವಿಗೂ ಅಪಾಯ, ಮಗುವಿನ ಮಲದ ಮೂಲಕ ಮನೆಯಲ್ಲಿರುವ ಅಣ್ಣನಿಗೂ ಅಪಾಯ. ಪಲ್ಸ್ ಪೋಲಿಯೋ ಸಮಯದಲ್ಲಿ ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ವಿಷಯ ತಿಳಿಸಿ, ಇಂಜೆಕ್ಷನ್ ರೂಪದ ಪೋಲಿಯೋ ಲಸಿಕೆ ಬಗ್ಗೆ ಮಕ್ಕಳ ಡಾಕ್ಟರ ಹತ್ತಿರ ಮಾತಾಡಿ.