ಬಡತನ ಇಳಿದರೆ ಸಾಕು, ಅಸಮಾನತೆ ಇದ್ದರೇನು?

"ಬಡತನ ಕಡಿಮೆಯಾಗ್ತಾ ಇದೆಯಲ್ಲ, ಕೆಲವರು ಜಾಸ್ತಿ ಶ್ರೀಮಂತರಾದರೆ ನಿಮಗೇಕೆ ಹೊಟ್ಟೆಕಿಚ್ಚು" ಅಂತ ಕೇಳಿದ್ದೀರಿ. ನಾನೂ ತುಂಬಾ ದಿನ ಹಾಗೇ ಅಂದುಕೊಂಡಿದ್ದೆ. ಚೀನಾದಲ್ಲಿ 1978ರ ನಂತರದ ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನ ಕಡುಬಡತನದಿಂದ ಹೊರಬಂದರು, ಅದೇ ಹೊತ್ತಿಗೆ ಅಲ್ಲಿ ಅಸಮಾನತೆಯೂ ಏರಿತು. ಹಾಗಾಗಿ ನಿಮ್ಮ ವಾದವನ್ನು ಸುಮ್ನೆ ತಳ್ಳಿಹಾಕೋಕೆ ಆಗಲ್ಲ.

ನನ್ನ ಮನಸ್ಸು ಬದಲಾಗಿದ್ದು ಬಡ್ಡಿ ಲೆಕ್ಕ ನೋಡಿದ ಮೇಲೆ. ಸೋಲಾರ್ ಘಟಕವನ್ನೇ ತಗೊಳ್ಳಿ. ಬಿಸಿಲು ಪುಕ್ಕಟೆ, ಆದರೆ ದುಡ್ಡೆಲ್ಲ ಮೊದಲೇ ಸುರಿಯಬೇಕು, ಅಂದರೆ ಸಾಲ ಮಾಡಬೇಕು. ಒಂದು ದೇಶಕ್ಕೆ ಶೇ 4ರ ಬಡ್ಡಿಗೆ ಸಾಲ ಸಿಗುತ್ತೆ, ಇನ್ನೊಂದಕ್ಕೆ ಶೇ 12ಕ್ಕೆ ಅಂದುಕೊಳ್ಳಿ. 100 ಡಾಲರ್ ಸಾಲಕ್ಕೆ ಇವರು ವರ್ಷಕ್ಕೆ 4 ಡಾಲರ್ ಕಟ್ಟಿದರೆ ಅವರು 12 ಕಟ್ಟಬೇಕು. ಪ್ಯಾನೆಲ್ಲೂ ಅದೇ, ಸೂರ್ಯನೂ ಅವನೇ! ಈ ಅಂಕಿ ನಾನು ಉದಾಹರಣೆಗೆ ಹಾಕಿಕೊಂಡದ್ದು, ಆದರೆ ಆಫ್ರಿಕಾದಲ್ಲಿ ಇಂಥ ಯೋಜನೆಗಳ ಬಂಡವಾಳದ ಖರ್ಚು ಶ್ರೀಮಂತ ದೇಶಗಳಿಗಿಂತ ಎರಡು ಮೂರು ಪಟ್ಟು ಜಾಸ್ತಿ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯೇ ಹೇಳಿದೆ. ಸಾಲ ಕೊಡುವವರನ್ನು ಪೂರ್ತಿ ಬೈಯೋಕೂ ಆಗಲ್ಲ, ಅಲ್ಲಿನ ಕರೆನ್ಸಿ ಬಿದ್ದರೆ ಡಾಲರ್ ಸಾಲ ತೀರಿಸೋದು ನಿಜವಾಗಿಯೂ ಕಷ್ಟ. ಕೊನೆಗೆ ಆಗೋದೇನು? ಮೊದಲಿಗೆ ಅಗ್ಗ ಅನ್ನಿಸುವ ಡೀಸೆಲ್ ಜನರೇಟರ್ ಬರುತ್ತೆ. ಆಮೇಲೆ ಹೊಗೆ ಬಿಟ್ಟರು ಅಂತ ಬೈಯಿಸಿಕೊಳ್ಳೋದೂ ಅವರೇ.

ನಿಯಮ ಬದಲಾಯಿಸಿದರೆ ಆಯ್ತಲ್ವಾ ಅಂದರೆ, ನಿಯಮ ಮಾಡೋರು ಯಾರು ಅನ್ನೋದೇ ಪ್ರಶ್ನೆ. ಕೋವಿಡ್ ಹೊಡೆತದ ಮಧ್ಯೆ, 2021ರ ಆಗಸ್ಟ್‌ನಲ್ಲಿ, ಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) 65,000 ಕೋಟಿ ಡಾಲರ್ ಮೌಲ್ಯದ ಎಸ್‌ಡಿಆರ್ ಹಂಚಿತು. ದೇಶಗಳು ಕಷ್ಟಕಾಲದಲ್ಲಿ ಡಾಲರಿಗೋ ಯೂರೋಗೋ ಬದಲಾಯಿಸಿಕೊಳ್ಳಬಹುದಾದ ಮೀಸಲು ಅದು. ಪಾಲು ಸಿಗೋದು ಅಗತ್ಯ ನೋಡಿ ಅಲ್ಲ, ಕೋಟಾ ನೋಡಿ, ಅಂದರೆ ಆ ಸಂಸ್ಥೆಯಲ್ಲಿ ಆ ದೇಶಕ್ಕೆ ಗೊತ್ತುಮಾಡಿದ ಪಾಲು ನೋಡಿ. ದೊಡ್ಡ ಆರ್ಥಿಕತೆಗೆ ದೊಡ್ಡ ಕೋಟಾ. ಇಡೀ ಆಫ್ರಿಕಾಕ್ಕೆ ಬಂದದ್ದು ಸುಮಾರು 3,300 ಕೋಟಿ ಡಾಲರ್. ಈ ಕೋಟಾ ತಿದ್ದಬೇಕಾದರೆ ಶೇ 85ರಷ್ಟು ಮತ ಬೇಕು, ಅಮೆರಿಕ ಒಂದರ ಕೈಯಲ್ಲೇ ಶೇ 16ಕ್ಕಿಂತ ಜಾಸ್ತಿ ಇದೆ. ಲೆಕ್ಕ ನೀವೇ ಹಾಕಿ.

ಇನ್ನು ಹೊಟ್ಟೆಕಿಚ್ಚಿನ ಮಾತು. ನನಗೆ ಬೇಕಾಗಿರೋದು ಶ್ರೀಮಂತರ ದುಡ್ಡಲ್ಲ, ದುಡಿಯುವವರ ದುಡ್ಡು ಅವರ ಮನೆಗೇ ಸೇರಬೇಕು ಅಷ್ಟೇ. ಹೊರದೇಶದಲ್ಲಿ ದುಡಿಯುವವರು ಮನೆಗೆ 200 ಡಾಲರ್ ಕಳಿಸಿದರೆ, ಸರಾಸರಿ 12 ಡಾಲರ್‌ಗಿಂತ ಜಾಸ್ತಿ ದಾರಿಯಲ್ಲೇ ಶುಲ್ಕಕ್ಕೆ ಹೋಗುತ್ತೆ. 2030ರೊಳಗೆ ಇದನ್ನು ಶೇ 3ಕ್ಕಿಂತ ಕೆಳಗೆ ಇಳಿಸುತ್ತೇವೆ ಅಂತ ದೇಶಗಳೆಲ್ಲ 2015ರಲ್ಲೇ ವಿಶ್ವಸಂಸ್ಥೆಯಲ್ಲಿ ಒಪ್ಪಿದ್ದವು. ಇನ್ನೂ ಅರ್ಧ ದಾರಿಯೂ ಆಗಿಲ್ಲ.